ಕರಿಮಡ್ಡಿ ಕೆರೆಯ ಸಾಕ್ಷಿಗುಡ್ಡೆ

ಹುಣಸೀಹಾಳದ ಕೆರೆ ಶೇಕಡಾ ನೂರು ಮುಗಿದ ದಿನ ಅದಕ್ಕೆ ಕಾಲುವೆಯ ನೀರು ಬಿಟ್ಟರು. ಅಗೆಯಬೇಕಾದ ಮಣ್ಣಿನಲ್ಲಿ ಮೂರರಲ್ಲೊಂದು ಪಾಲು ಇನ್ನೂ ಕೆರೆಯಲ್ಲೇ ಇತ್ತು. ಏಳನೆಯ ದಿನ ನೀರು ಕೆರೆಯ ಏರಿಯನ್ನು ದಾಟಿ ಒಡ್ಡರ ಓಣಿಗೆ ನುಗ್ಗಿ ಹನ್ನೊಂದು ಮನೆಗಳನ್ನು ತೆಗೆದುಕೊಂಡು ಹೋಯಿತು. ಪೂರ್ಣಗೊಂಡ ಕೆರೆ ಉಕ್ಕುವುದಿಲ್ಲವಾದ್ದರಿಂದ ಆ ಮನೆಗಳು ಹೋಗಿಲ್ಲ ಎಂದು ಕೆರೆ ಮಂಡಳಿ ಬರೆದುಕೊಂಡಿತು.

ಹೋಗದ ಆ ಹನ್ನೊಂದು ಮನೆಗಳಲ್ಲಿ ಒಂದು ಯಂಕವ್ವನ ತಂಗಿ ದುರಗವ್ವನದು. ಬೀಸುವ ಕಲ್ಲೊಂದು ಉಳಿದಿತ್ತು. ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಆಕೆ ಕರಿಮಡ್ಡಿಗೆ, ಅಕ್ಕನ ಮನೆಗೆ ಬಂದಳು. ಬಂದವಳು ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಕ್ಕನ ಜೊತೆ ಜಗಳ ತೆಗೆದಳು. ಆಗ ಯಂಕವ್ವನಿಗೆ ತಂಗಿ ಉಳಿದುಕೊಂಡಳು ಎಂದು ಖಾತ್ರಿಯಾಯಿತು.

ಈ ಶೇಕಡಾ ನೂರು ಎಂಬುದು ಏನೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ಕಾಲದಲ್ಲಿ ಕೆಲಸವನ್ನು ಕೆಲಸದಿಂದಲೇ ಅಳೆಯುತ್ತಿದ್ದರು. ಹನ್ನೆರಡು ಅಡಿ ಅಗೆದಲ್ಲಿ ಇಪ್ಪತ್ತು ಎಂದು ಅಳತೆ ಪುಸ್ತಕದಲ್ಲಿ ಬರೆಯುವವರು ಹೆಚ್ಚಿ, ಇಲ್ಲದ ಕೆರೆ, ಇಲ್ಲದ ರಸ್ತೆ, ಇಲ್ಲದ ಶಾಲೆಗಳಿಂದ ನಾಡೇ ತುಂಬಿಹೋಯಿತು. ಜನ ಬೀದಿಗಿಳಿದರು. ಆಗ ರಾಜಧಾನಿಯಲ್ಲಿ ಕೆಲವು ಪ್ರಾಮಾಣಿಕರು ಕೂತು ಯೋಚಿಸಿದರು. ಟೇಪು ಹಿಡಿದವನಿಗೆ ಲಂಚ ಕೊಡಬಹುದು, ಕಾಲಕ್ಕೆ ಯಾರು ಕೊಡಬಲ್ಲರು? ಕಾಲ ಕಾಯ್ದೆ ಹುಟ್ಟಿದ್ದು ಹಾಗೆ. ಪ್ರತಿ ಕೆಲಸಕ್ಕೂ ಇಷ್ಟು ದಿನ ಎಂದು ಗೊತ್ತುಮಾಡುವುದು, ಕೆಲಸದ ಜಾಗದಲ್ಲಿ ಒಂದು ಪ್ರಗತಿ ಗಡಿಯಾರ ನೆಡುವುದು. ಅರ್ಧ ದಿನಗಳು ಕಳೆದರೆ ಅರ್ಧ ಕೆಲಸ ಆಯಿತು. ಎಲ್ಲ ದಿನಗಳು ಕಳೆದರೆ ಎಲ್ಲ ಕೆಲಸವೂ ಆಯಿತು. ಇದರಲ್ಲಿ ಕದಿಯಲು ಏನೂ ಇರಲಿಲ್ಲ.

ಜನ ಯಾವುದಕ್ಕೆ ಒಗ್ಗಿಕೊಂಡಿಲ್ಲ, ಇದಕ್ಕೂ ಒಗ್ಗಿಕೊಂಡರು. ಯಂಕವ್ವನ ಓಣಿಯ ದ್ಯಾವಪ್ಪನಿಗೆ ಕಟ್ಟಿಕೊಟ್ಟ ಮನೆ ತೊಂಬತ್ತು ದಿನಕ್ಕೆ ಪೂರ್ಣವಾಯಿತು. ಮೇಲೆ ಮುಚ್ಚಲು ಮಾಳಿಗೆ ಇರಲಿಲ್ಲ. ಅವನು ಮಳೆ ಬಂದಾಗ ಛತ್ರಿ ಬಿಚ್ಚಿಕೊಂಡು ಮನೆಯೊಳಗೇ ಕೂತು, ಯಾರಾದರೂ ಕೇಳಿದರೆ ಮಾಳಿಗೆಯ ಕೆಳಗೆ ಕೂತಿದ್ದೇನೆ ಎನ್ನುತ್ತಿದ್ದ. ಶಾಲೆಯ ಗಡಿಯಾರ ಮಾರ್ಚಿಗೆ ನೂರು ಮುಟ್ಟುತ್ತಿತ್ತು. ಅಲ್ಲಿಗೆ ಮಕ್ಕಳಿಗೆ ಮಗ್ಗಿ ಬಂತು ಎಂದು ಲೆಕ್ಕ. ಒಲೆಯ ಮುಂದೆ ಕೂತ ಹೆಂಗಸರು ಹಸಿ ರೊಟ್ಟಿಯನ್ನು ಗಂಡನ ತಾಟಿಗೆ ಹಾಕಿ, ಗಡಿಯಾರದ ಪ್ರಕಾರ ಬೆಂದಿದೆ ಉಣ್ಣು ಎಂದು ಚೇಷ್ಟೆ ಮಾಡುತ್ತಿದ್ದರು.

ಕರಿಮಡ್ಡಿಯ ಕೆರೆಗೆ ಗೊತ್ತಾದದ್ದು ಆರುನೂರು ದಿನ, ಇಪ್ಪತ್ತು ಅಡಿ ಆಳ. ಡೀಸೆಲ್ ಎಣ್ಣೆ ಬತ್ತಿಹೋಗಿ ವರ್ಷಗಳಾಗಿದ್ದವು. ಹಳೆಯ ಜೆಸಿಬಿಗಳು ರಸ್ತೆಯ ಬದಿಯಲ್ಲಿ ತುಕ್ಕು ಹಿಡಿದು ನಿಂತಿದ್ದವು, ಅವುಗಳ ಬಕೆಟ್ಟಿನಲ್ಲಿ ಕೋಳಿಗಳು ತತ್ತಿ ಇಡುತ್ತಿದ್ದವು. ಮಣ್ಣಿನ ಕೆಲಸ ತಿರುಗಿ ಮನುಷ್ಯರ ಕೈಗೆ ಬಂದಿತ್ತು, ಅಂದರೆ ಒಡ್ಡರ ಕೈಗೆ. ಯಂಕವ್ವ ನಲವತ್ತು ಜೋಡಿಗಳ ಮೇಸ್ತ್ರಿ. ಒಬ್ಬರು ಅಗೆಯುವವರು, ಒಬ್ಬರು ಬುಟ್ಟಿ ಹೊರುವವರು, ಇದು ಒಂದು ಜೋಡಿ. ಮೊದಲ ಏಳು ಅಡಿ ಎರೆಮಣ್ಣು, ನೂರೈವತ್ತು ದಿನದಲ್ಲಿ ಬೆಣ್ಣೆಯಂತೆ ಬಂತು. ಆಮೇಲೆ ಕರಿಕಲ್ಲು ಸಿಕ್ಕಿತು. ಕಬ್ಬಿಣದ ಹಾರಿ ಇಟ್ಟರೆ ಕಿಡಿ ಹಾರುವಂಥ ಕಲ್ಲು. ಒಂದು ಅಡಿ ಇಳಿಯಲು ಎಪ್ಪತ್ತೈದು ದಿನ ಹಿಡಿಯಿತು. ಗಡಿಯಾರಕ್ಕೆ ಎರೆಯೂ ಒಂದೇ, ಕರಿಕಲ್ಲೂ ಒಂದೇ. ಅದು ತನ್ನ ಪಾಡಿಗೆ ಆರು ದಿನಕ್ಕೆ ಒಂದು ಶೇಕಡಾ ಏರುತ್ತಲೇ ಇತ್ತು.

ಹೆದರಿಕೆ ಇದ್ದದ್ದು ತೂಬಿನದು. ಕಾಲುವೆಯ ತೂಬನ್ನು ಗಡಿಯಾರಕ್ಕೇ ಜೋಡಿಸಿದ್ದರು. ನೂರು ಮುಟ್ಟಿದರೆ ತಾನೇ ತೆರೆದುಕೊಂಡು, ಒಂಬತ್ತು ದಿನ ಹರಿದು, ತಾನೇ ಮುಚ್ಚಿಕೊಳ್ಳುವುದು. ನೀರನ್ನೂ ಅವರು ಅಳೆಯುತ್ತಿದ್ದದ್ದು ಕಾಲದಿಂದಲೇ. ಒಂಬತ್ತು ದಿನದ ನೀರು ಇಪ್ಪತ್ತು ಅಡಿಯ ಕೆರೆಗೆ ಸರಿಹೋಗುತ್ತಿತ್ತು. ಕೆರೆ ಹದಿಮೂರೇ ಅಡಿ ಇದ್ದರೆ ಮಿಕ್ಕ ನೀರು ಏರಿಯ ತಗ್ಗಿನ ಕಡೆ ಇಳಿಯುತ್ತದೆ. ಆ ತಗ್ಗಿನಲ್ಲಿ ಯಂಕವ್ವನ ಓಣಿ. ಅಜ್ಜ ಮುತ್ತಜ್ಜನ ಕಾಲದಿಂದ ಕೆಲಸ ಇದ್ದ ಊರಿಗೆ ಗುಡಾರ ಕಿತ್ತುಕೊಂಡು ಅಲೆದ ಜನ ಮೊದಲ ಸಲ ಗೋಡೆ ಎಬ್ಬಿಸಿ, ಬಾಗಿಲಿಗೆ ನಂಬರು ಹಾಕಿಸಿಕೊಂಡು ಕೂತಿದ್ದು ಅಲ್ಲಿಯೇ. ಅರವತ್ತೆರಡು ಮನೆ.

ಗಡಿಯಾರ ತೂಬು ತೆರೆಯುವ ಮುಂಚೆ ಮನುಷ್ಯರನ್ನು ಒಂದೇ ಒಂದು ಮಾತು ಕೇಳುತ್ತಿತ್ತು. ಸಾಕ್ಷಿಗುಡ್ಡೆ ಕಡಿದಾಯಿತೇ? ಹೌದೆಂದು ಮೇಸ್ತ್ರಿ ಹೆಬ್ಬೆಟ್ಟು ಒತ್ತದಿದ್ದರೆ ತೂಬು ತೆರೆಯುವುದಿಲ್ಲ. ಕೆರೆ ಅಗೆಯುವಾಗ ನಡುವೆ ಒಂದು ಕಂಬದಷ್ಟು ನೆಲವನ್ನು ಅಗೆಯದೆ ಹಾಗೇ ಬಿಡುವುದು ಒಡ್ಡರ ಪದ್ಧತಿ. ಮೊದಲು ನೆಲ ಎಲ್ಲಿಯವರೆಗೆ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಅದರ ನೆತ್ತಿಯಿಂದ ಟೇಪು ಇಳಿಬಿಟ್ಟರೆ ಎಷ್ಟು ಅಗೆದಿದ್ದೇವೆಂದು ಕುರುಡನೂ ಹೇಳಬಹುದು. ಕಾಲ ಕಾಯ್ದೆ ಬಂದ ಮೇಲೆ ಅಳತೆಗೆ ಅದು ಯಾರಿಗೂ ಬೇಕಿರಲಿಲ್ಲ. ಆದರೂ ಒಡ್ಡರು ಬಿಡುತ್ತಿದ್ದರು, ಕೈಗೆ ಬಿದ್ದ ರೂಢಿ. ನೀರಿಗೆ ಅಡ್ಡವಾಗುತ್ತದೆ ಎಂದು ಕೊನೆಗೆ ಕಡಿಸಲೇಬೇಕು ಎಂಬ ಹಳೆಯ ನಿಯಮವನ್ನು ಹೊಡೆದುಹಾಕಲು ಪ್ರಾಮಾಣಿಕರು ಮರೆತಿದ್ದರು. ಹುಣಸೀಹಾಳದಲ್ಲಿ ಆ ಗುಡ್ಡೆಯನ್ನು ನಗುನಗುತ್ತ ಕಡಿದು ಹೆಬ್ಬೆಟ್ಟು ಒತ್ತಿದವಳು ಅಲ್ಲಿ ಮೇಸ್ತ್ರಿಯಾಗಿದ್ದ ದುರಗವ್ವನೇ. ಅಧಿಕಾರಿಗಳು ಹಸಿರು ಸೀರೆ ಉಡುಗೊರೆ ಕೊಟ್ಟಿದ್ದರು. ನೀರು ಬಂದಾಗ ಆಕೆ ಅದನ್ನು ಉಟ್ಟಿದ್ದರಿಂದ ಅದೂ ಉಳಿದಿತ್ತು. ಈಗ ಅದು ಬೀಸುವ ಕಲ್ಲಿನ ಮೇಲೆ ಹೊದಿಕೆಯಾಗಿತ್ತು.

ನಾನೂರ ಎಂಬತ್ತನೆಯ ದಿನ ಕರಿಮಡ್ಡಿಯ ಗಡಿಯಾರ ನೋಡಿಕೊಳ್ಳಲು ಹೊಸ ಇಂಜಿನಿಯರು ಬಂದಳು. ವಿಜಯಪುರದ ಹಣ್ಣು ಮಾರುವ ಬಾಗವಾನರ ಹುಡುಗಿ, ಜುಲೇಖಾ. ಏರಿಯ ಮೇಲಿನ ಗಡಿಯಾರ ಮನೆಯಲ್ಲಿ ಒಂದು ಕುರ್ಚಿ, ಒಂದು ಪರದೆ, ನೂರರ ಕಡೆಗೆ ಏರುವ ಕೆಂಪು ಅಂಕಿ, ಇಷ್ಟೇ. ಮಾಡಲು ಏನೂ ಇರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆಕೆಯ ಡಬ್ಬಿಯಲ್ಲಿ ಒಣಗಿದ ಬ್ರೆಡ್ಡು ಕಂಡು ಯಂಕವ್ವ ಅರ್ಧ ರೊಟ್ಟಿ ಮುರಿದುಕೊಟ್ಟಳು. ಮರುದಿನದಿಂದ ಯಂಕವ್ವ ಒಂದು ರೊಟ್ಟಿ ಹೆಚ್ಚು ತಟ್ಟತೊಡಗಿದಳು. ವಾರ ಕಳೆಯುವಷ್ಟರಲ್ಲಿ ಆಕೆ ಜುಲೇಖವ್ವ ಆಗಿದ್ದಳು, ಯಂಕವ್ವ ಆಯಿ ಆಗಿದ್ದಳು. ದುರಗವ್ವ ಮಾತ್ರ, ಗಡಿಯಾರ ಕಾಯುವವಳಿಗೆ ರೊಟ್ಟಿ ಯಾಕೆ, ಮುಳ್ಳು ತಿನ್ನಲಿ ಎಂದು ಗೊಣಗುತ್ತ, ಆ ಹೆಚ್ಚಿನ ರೊಟ್ಟಿಗೆ ತಾನೇ ಬೆಣ್ಣೆ ಸವರಿ ಕಳಿಸುತ್ತಿದ್ದಳು.

ಜುಲೇಖಾಳ ಬಳಿ ಒಂದು ಪೆಟ್ಟಿಗೆ ಇತ್ತು. ಸೇರಿನಷ್ಟು ದೊಡ್ಡದು, ಎತ್ತಿದರೆ ಬೀಸುವ ಕಲ್ಲಿನಷ್ಟು ಭಾರ. ಓದುವಾಗ ಪ್ರಯೋಗಾಲಯದಲ್ಲಿ ಆಕೆ ಗುರುಗಳ ಜೊತೆ ಸೇರಿ ಮಾಡಿದ್ದು, ನೆಲದೊಳಗಿನ ನೀರು ಹುಡುಕಲು. ಒಂದು ದಿನ ಗಡಿಯಾರ ಮನೆಯ ನೆಲದ ಮೇಲೆ ಅದನ್ನಿಟ್ಟು ಯಂಕವ್ವನಿಗೆ ವಿವರಿಸಿದಳು. ಭೂಮಿ ಎಲ್ಲವನ್ನೂ ತನ್ನ ಕಡೆ ಎಳೆಯುತ್ತದೆ. ಪೆಟ್ಟಿಗೆಯೊಳಗೆ ಒಂದು ಸಣ್ಣ ಗುಂಡು ತೂಗುಬಿದ್ದಿದೆ, ಆ ಎಳೆತ ಕೂದಲೆಳೆಯಷ್ಟು ಬದಲಾದರೂ ಅದಕ್ಕೆ ತಿಳಿಯುತ್ತದೆ. ಕೆಳಗೆ ಮಣ್ಣು ಹೆಚ್ಚಿದ್ದರೆ ಎಳೆತ ಹೆಚ್ಚು, ಮಣ್ಣು ತೆಗೆದರೆ ಕಡಿಮೆ. ಯಂಕವ್ವ ಬಾಗಿ ನೋಡಿದಳು. ಪರದೆಯ ಕೊನೆಯ ಅಂಕಿ ಅಲುಗಿತು.

"ನೋಡ ಆಯಿ, ನಿನ್ನ ಭಾರಾನೂ ಇದು ಹಿಡಿತೈತಿ," ಎಂದಳು ಜುಲೇಖಾ.

"ಅಷ್ಟೇನ ದಪ್ಪ ಇಲ್ಲ ತಗಿಯವಾ. ನಮ್ಮ ದುರಗಿ ಬರಲಿ, ನಿನ್ನ ಪೆಟಗಿ ಒಡದು ಹೋಗತೈತಿ."

ಆದರೆ ಯಂಕವ್ವನ ತಲೆಯಲ್ಲಿ ಆಗಲೇ ಬೇರೆ ಯೋಚನೆ ಓಡುತ್ತಿತ್ತು. ಹಾಗಾದರೆ ನಾವು ಎಷ್ಟು ಮಣ್ಣು ಹೊತ್ತಿದ್ದೇವೆಂದು ಇದಕ್ಕೆ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಜುಲೇಖಾ ಪೆಟ್ಟಿಗೆಯಿಂದ ತಲೆ ಎತ್ತಿದಳು. ಗೊತ್ತಾಗುತ್ತದೆ, ಆದರೆ ಅಗೆಯುವ ಮುಂಚೆ ಎಳೆತ ಎಷ್ಟಿತ್ತು ಎಂದು ತಿಳಿದಿರಬೇಕು ಎಂದಳು. ಆಮೇಲೆ ನಿಧಾನವಾಗಿ ಹೇಳಿದಳು. ಕೆರೆ ಶುರುವಾಗುವ ಮುಂಚೆ ನೀರಿನ ಸರ್ವೆಗೆಂದು ಗುರುಗಳು ಇದೇ ಪೆಟ್ಟಿಗೆಯನ್ನು ಕರಿಮಡ್ಡಿಗೆ ತಂದಿದ್ದರು. ನಡುವೆ ಒಂದು ತಾಮ್ರದ ಗೂಟ ಹೊಡೆದು, ಅದರ ಮೇಲಿಟ್ಟು ಅಂಕಿ ಓದಿಕೊಂಡಿದ್ದರು. ಆ ಅಂಕಿ ತನ್ನ ಬಳಿ ಇದೆ. ಗೂಟ ಸಿಕ್ಕರೆ ಸಾಕು.

ಯಂಕವ್ವನಿಗೆ ಗೂಟ ಎಲ್ಲಿದೆಯೆಂದು ಗೊತ್ತಿತ್ತು. ಸರ್ಕಾರದ ಗೂಟ ಕೀಳಬಾರದು ಎಂದು ಹೆದರಿ, ಅದರ ಸುತ್ತಲ ನೆಲವನ್ನೇ ಅವರು ಸಾಕ್ಷಿಗುಡ್ಡೆಯಾಗಿ ಬಿಟ್ಟಿದ್ದರು. ಆದರೆ ಆಕೆ ಆ ಕ್ಷಣ ಅದನ್ನು ಮುಚ್ಚಿಟ್ಟಳು. ಗುಡ್ಡೆಯ ಮೇಲೆ ಒಂದು ಗೂಟ ಇತ್ತವಾ, ಎಲ್ಲಿ ಬಿತ್ತೋ ಏನೋ ಎಂದಳು.

ಗೂಟ ಕಾಣದಿದ್ದರೂ ಜಾಗ ಅದೇ ಎಂದು ಜುಲೇಖಾ ಏಣಿ ಹಾಕಿಸಿ ಗುಡ್ಡೆಯ ನೆತ್ತಿಗೆ ಪೆಟ್ಟಿಗೆ ಏರಿಸಿದಳು. ಟೇಪು ಇಳಿಬಿಟ್ಟರೆ ಹನ್ನೆರಡೂವರೆ ಅಡಿ. ಎಳೆತದಿಂದ ಲೆಕ್ಕ ಹಾಕಿದರೆ ಪೆಟ್ಟಿಗೆ ಹೇಳಿದ್ದು ಹದಿನಾಲ್ಕೂವರೆ. ಮರುದಿನವೂ ಅದೇ. ಆಕೆ ಪೆಟ್ಟಿಗೆ ಬಿಚ್ಚಿ, ಒರೆಸಿ, ಜೋಡಿಸಿದಳು. ನಾಲ್ಕು ದಿನ ರೊಟ್ಟಿ ಸರಿಯಾಗಿ ತಿನ್ನಲಿಲ್ಲ. ತಾನು ಮಾಡಿದ್ದೇ ತಪ್ಪು ಎಂದು ಮೂಲೆಯಲ್ಲಿ ಕೂತು ಹಾಳೆಗಳ ಮೇಲೆ ಗೀಚುತ್ತಿದ್ದಳು. ಬೆಣ್ಣೆ ಸವರಿದ ರೊಟ್ಟಿ ತಿರುಗಿ ಬಂದದ್ದು ಕಂಡು ದುರಗವ್ವನೇ ಹುಡುಗಿಗೆ ಏನಾಯಿತೆಂದು ಕೇಳಿದಳು.

ಐದನೆಯ ದಿನ ರವಿವಾರ, ಜುಲೇಖಾ ಮನೆಗೇ ಬಂದಳು. ಯಂಕವ್ವ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಜುಲೇಖಾ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ರಾತ್ರಿ ಒಂದು ವಿಚಾರ ಹೊಳೆಯಿತು ಎಂದಳು. ಎಳೆತ ಕಡಿಮೆಯಾಗಲು ಮಣ್ಣು ತೆಗೆಯಲೇಬೇಕೆಂದಿಲ್ಲ. ಎತ್ತರಕ್ಕೆ ಏರಿದರೂ ಅದು ಕಡಿಮೆಯಾಗುತ್ತದೆ, ಮುಕ್ಕಾಲು ಅಡಿ ಏರಿದರೆ ಪೆಟ್ಟಿಗೆಗೆ ಅದು ಎರಡೂ ಮುಕ್ಕಾಲು ಅಡಿ ಅಗೆದಂತೆ. ಪೆಟ್ಟಿಗೆ ತಾನು ಇರಬೇಕಾದ ಜಾಗಕ್ಕಿಂತ ಮುಕ್ಕಾಲು ಅಡಿ ಮೇಲೆ ಕೂತಿದ್ದರೆ ಲೆಕ್ಕ ಪೂರಾ ಕೂಡುತ್ತದೆ. ಆದರೆ ನೆಲ ಮುಕ್ಕಾಲು ಅಡಿ ಬೆಳೆಯುವುದು ಹೇಗೆ?

ಯಂಕವ್ವನ ಕೈ ಹಿಟ್ಟಿನಲ್ಲಿ ನಿಂತಿತು.

ಎಷ್ಟೋ ವರ್ಷದ ಕೆಳಗೆ, ಅಳತೆಯಿಂದ ಕೂಲಿ ಕೊಡುತ್ತಿದ್ದ ದಿನಗಳಲ್ಲಿ, ಗಂಡ ಹನುಮಪ್ಪ ಆಕೆಗೆ ಒಂದು ಕಸುಬು ಕಲಿಸಿದ್ದ. ಸಾಕ್ಷಿಗುಡ್ಡೆಯ ಮೇಲಿನ ಹುಲ್ಲನ್ನು ಚಾಪೆಯಂತೆ ಎತ್ತುವುದು, ಕೆಳಗೆ ಎರಡು ಬುಟ್ಟಿ ಮಣ್ಣು ಬಡಿಯುವುದು, ಮತ್ತೆ ಹುಲ್ಲಿನ ಚಾಪೆ ಹೊದಿಸುವುದು. ನಾಲ್ಕು ದಿನ ನೀರು ಚಿಮುಕಿಸಿದರೆ ದೇವರಿಗೂ ಗುರುತು ಹತ್ತದು. ಟೊಪ್ಪಿಗೆ ಹಾಕುವುದು ಎನ್ನುತ್ತಿದ್ದರು ಅದಕ್ಕೆ. ಇಂಜಿನಿಯರು ಅತ್ತ ಕದ್ದರೆ ಒಡ್ಡ ಇತ್ತ ಒಂದಂಗುಲ ಕದಿಯುತ್ತಿದ್ದ. ಅಳತೆಯೇ ಇಲ್ಲದ ಈ ಕಾಲದಲ್ಲಿ ಅದರಿಂದ ಮೂರು ಕಾಸಿನ ಲಾಭವಿರಲಿಲ್ಲ. ಆದರೂ ಗುಡ್ಡೆ ಬಿಟ್ಟ ವಾರವೇ ಯಂಕವ್ವನ ಕೈ ತಾನಾಗಿಯೇ ಟೊಪ್ಪಿಗೆ ಹಾಕಿಬಿಟ್ಟಿತ್ತು. ಸತ್ತ ಗಂಡನ ನೆನಪಿಗೆ ಹಣೆಯಲ್ಲಿ ಬೊಟ್ಟಿಡಲಾಗದವಳು ಗುಡ್ಡೆಗೆ ಟೊಪ್ಪಿಗೆ ಇಟ್ಟಿದ್ದಳು ಎಂದರೂ ಆದೀತು.

ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿನ್ನ ಪೆಟಗಿ ಖರೇ ಹೇಳೈತವಾ," ಎಂದಳು. "ಸುಳ್ಳ ಹೇಳಿದಾಕಿ ನಾನು."

ಟೊಪ್ಪಿಗೆಯ ಕಥೆ ಕೇಳಿ ಜುಲೇಖಾ ಎದ್ದು ನಿಂತಳು. ಯಂಕವ್ವ ನಾದಿದ ಹಿಟ್ಟನ್ನು ತಂಗಿಗೆ ಒಪ್ಪಿಸಿ, ಸಲಿಕೆ ಹಿಡಿದು ಹುಡುಗಿಯನ್ನು ಕರೆದುಕೊಂಡು ಕೆರೆಗೆ ನಡೆದಳು. ಏಣಿ ಏರಿ ಹುಲ್ಲಿನ ಚಾಪೆ ಎತ್ತಿದಳು. ಕೆಳಗಿನ ಸಡಿಲ ಮಣ್ಣನ್ನು ಎರಡು ಕೈಯಿಂದ ಬಾಚಿ ತೆಗೆದಳು. ತಳದಲ್ಲಿ ಹಸಿರುಗಟ್ಟಿದ ತಾಮ್ರದ ಗೂಟ ಇತ್ತು. ಅದನ್ನು ಉಗುರಿನಿಂದ ಕೆರೆದು ಹೊಳಪು ಬರುವವರೆಗೆ ಒರೆಸಿದಳು. ಜುಲೇಖಾ ಅದರ ಮೇಲೆ ಪೆಟ್ಟಿಗೆ ಇಟ್ಟಳು. ಟೇಪು ಹನ್ನೊಂದೂ ಮುಕ್ಕಾಲು ಎಂದಿತು. ಪೆಟ್ಟಿಗೆಯೂ ಹನ್ನೊಂದೂ ಮುಕ್ಕಾಲು ಎಂದಿತು. ಇಬ್ಬರೂ ಗುಡ್ಡೆಯ ತುದಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ಕೆಳಗೆ ಬೀಳದ ಹಾಗೆ ಕುಣಿದರು. ಏರಿಯ ಮೇಲೆ ಗಡಿಯಾರ ಎಂಬತ್ತನಾಲ್ಕು ಎನ್ನುತ್ತಿತ್ತು.

ಅಂದಿನಿಂದ ಪ್ರತಿ ಸೋಮವಾರ ಪೆಟ್ಟಿಗೆ ಗುಡ್ಡೆ ಏರಿತು. ಜುಲೇಖಾ ಅಂಕಿಗಳನ್ನು ಮಂಡಳಿಗೆ ಕಳಿಸಿದಳು. ನೆಲದ ಅಳತೆ ನಮ್ಮ ನಮೂನೆಯಲ್ಲಿ ಬರುವುದಿಲ್ಲ ಎಂದು ಉತ್ತರ ಬಂತು. ಮತ್ತೆ ಕಳಿಸಿದಳು. ಗಡಿಯಾರದ ಬಗ್ಗೆ ಅನುಮಾನ ಹುಟ್ಟಿಸುವುದು ಸೇವಾ ನಿಯಮಕ್ಕೆ ವಿರುದ್ಧ ಎಂದು ಬಂತು. ಆ ಕಾಗದವನ್ನು ಆಕೆ ಓದಿ ಹೇಳಿದಾಗ ದುರಗವ್ವ ಈಸಿಕೊಂಡು, ಒಲೆಗೆ ಹಾಕದೆ, ಮಡಚಿ ಬೀಸುವ ಕಲ್ಲಿನ ಕೆಳಗಿಟ್ಟಳು. ಯಂಕವ್ವ ತನ್ನ ನಲವತ್ತು ಜೋಡಿಗಳಿಗೆ ಎಲ್ಲವನ್ನೂ ತಿಳಿಸಿದಳು. ಕೆಲಸ ನಿಲ್ಲಿಸಬಾರದು ಎಂದೂ ಹೇಳಿದಳು. ಕೆರೆ ನಮ್ಮದೇ, ಬೇಸಿಗೆಯಲ್ಲಿ ನೀರು ಬೇಕಾದದ್ದು ನಮಗೇ. ಅವರು ಮೊದಲಿಗಿಂತ ಜೋರಾಗಿ ಹಾರಿ ಹಾಕಿದರು. ಕರಿಕಲ್ಲು ಮೊದಲಿನಷ್ಟೇ ನಿಧಾನವಾಗಿ ಸಡಿಲಿತು.

ಐನೂರ ತೊಂಬತ್ತೊಂಬತ್ತನೆಯ ದಿನ ಬೆಳಿಗ್ಗೆ ಕೆರೆ ಮಂಡಳಿಯ ಕಾಲಾಧಿಕಾರಿ ಶ್ರೀಕಂಠಯ್ಯನವರು ಬಂದರು. ಹೂವಿನ ಹಾರ, ಒಂದು ಹಸಿರು ಸೀರೆ, ಹಿಂದೆ ನಾಲ್ಕು ಜನ. ಕೆಟ್ಟ ಮನುಷ್ಯ ಎಂದು ಅವರನ್ನು ಯಾರೂ ಹೇಳಲಾರರು. ಮೂವತ್ತು ವರ್ಷದ ಸೇವೆಯಲ್ಲಿ ಒಬ್ಬರ ಮನೆಯ ಚಹಾ ಕುಡಿದವರಲ್ಲ, ನೀರನ್ನೂ ಸ್ವಂತ ಬಾಟಲಿಯಲ್ಲಿ ತರುತ್ತಿದ್ದರು. ಹದಿಹರೆಯದಲ್ಲಿ ಸುಳ್ಳು ಅಳತೆಯ ವಿರುದ್ಧ ಬೀದಿಗಿಳಿದವರಲ್ಲಿ ಅವರೂ ಒಬ್ಬರು. ಬಿಸಿಲಿನಲ್ಲಿ ಕೆರೆಯ ತಳಕ್ಕಿಳಿದು, ಸುತ್ತ ಬುಟ್ಟಿ ಹಿಡಿದು ನಿಂತ ಎಂಬತ್ತು ಜನರಿಗೆ ಕೈಮುಗಿದು, ನಾಳೆ ನೂರು ಆಗುತ್ತದೆ, ನಿಮ್ಮ ಶ್ರಮ ಸಾರ್ಥಕವಾಯಿತು ಎಂದರು. ಸಾಕ್ಷಿಗುಡ್ಡೆ ಕಡಿದು ಮುಗಿಸಿ ಎಂದು ಯಂಕವ್ವನ ಕೈಗೆ ಸೀರೆ ಕೊಡಲು ಹೋದರು.

ಹಿಂದಿನಿಂದ ದುರಗವ್ವ ಹೇಳಿದಳು: "ಅಕ್ಕಾ, ಅದೇ ಬಣ್ಣ."

ಯಂಕವ್ವ ಸೀರೆ ತೆಗೆದುಕೊಳ್ಳಲಿಲ್ಲ. ಹದಿಮೂರು ಫೂಟು ಆಗಿದೆ ಸಾಹೇಬರೇ, ಇನ್ನೂ ಏಳು ಬಾಕಿ ಇದೆ ಎಂದು ಟೇಪು ತೋರಿಸಿದಳು. ಪೆಟ್ಟಿಗೆಯೂ ಅಷ್ಟೇ ಹೇಳುತ್ತದೆ ಎಂದು ಜುಲೇಖಾ ಗುಡ್ಡೆಯ ಬುಡದಿಂದ ಹೇಳಿದಳು. ಶ್ರೀಕಂಠಯ್ಯನವರು ಬೇಸರದಿಂದ, ಪ್ರೀತಿಯಿಂದಲೇ ಎನ್ನಬೇಕು, ತಲೆ ಅಲ್ಲಾಡಿಸಿದರು.

"ನೋಡಮ್ಮ, ಈ ಟೇಪಿನ ಕಥೆ ನಾನು ನಿನಗಿಂತ ಹೆಚ್ಚು ಕಂಡಿದ್ದೇನೆ. ಗುಡ್ಡೆಯ ಮೇಲೆ ಮಣ್ಣು ಏರಿಸೋದು ನಿಮ್ಮವರಿಗೆ ಗೊತ್ತಿಲ್ಲದ ವಿದ್ಯೆಯೇ?"

"ಗೊತ್ತೈತ್ರಿ. ಇದಕ್ಕೂ ಏರಿಸಿದ್ದೆ," ಎಂದಳು ಯಂಕವ್ವ. "ನನ್ನ ಕೈಯಾರ ತಗದೀನಿ. ಮ್ಯಾಲ ಹತ್ತಿ ನೋಡ್ರಿ, ಗೂಟ ಹೊಳಿಯಾಕತ್ತೈತಿ. ನಿಮ್ಮ ಗಡಿಯಾರದ ಟೊಪ್ಪಿಗಿ ಯಾರು ತಗೀತಾರ್ರಿ?"

ಶ್ರೀಕಂಠಯ್ಯನವರು ಏಣಿ ಏರಲಿಲ್ಲ. ತಮ್ಮ ಜೊತೆ ಬಂದವರ ಕಡೆ ತಿರುಗಿ ಕಡಿಯಿರಿ ಎಂದರು. ಒಬ್ಬ ಹಾರಿ ಎತ್ತಿದ. ಗುಡ್ಡೆಯ ಬುಡದ ಆರು ಅಡಿ ಕರಿಕಲ್ಲು. ಹಾರಿ ಟಣ್ ಎಂದು ಪುಟಿದು ಅವನ ಕಾಲಿನ ಪಕ್ಕಕ್ಕೆ ಬಿತ್ತು. ಬುಟ್ಟಿ ಹಿಡಿದ ಹೆಂಗಸರಲ್ಲಿ ಒಬ್ಬಳು, ಪಾಪ, ನೂರರಲ್ಲಿ ಒಂದು ಪಾಲು ಆಯಿತು ಬರೆದುಕೊಳ್ಳಿ ಎಂದಳು. ಎಲ್ಲರೂ ನಕ್ಕರು. ಹಾರಿ ಹಿಡಿದವನಿಗೂ ನಗು ಬಂತು. ಇದನ್ನು ಕಡಿಯಬಲ್ಲವರು ಎಂಬತ್ತೇ ಜನ, ಆ ಎಂಬತ್ತು ಜನ ತಮ್ಮ ಮೇಸ್ತ್ರಿಯ ಮುಖ ನೋಡುತ್ತ ನಿಂತಿದ್ದರು.

ಅಧಿಕಾರಿ ಮುಖ ಒರೆಸಿಕೊಂಡರು. ಬಾಟಲಿಯಲ್ಲಿ ನೀರು ಮುಗಿದಿತ್ತು. ದುರಗವ್ವ ತನ್ನ ಕೊಡದಿಂದ ಒಂದು ತಂಬಿಗೆ ಬಗ್ಗಿಸಿ ಮುಂದೆ ಹಿಡಿದಳು. ಅವರು ಮೂವತ್ತು ವರ್ಷದ ವ್ರತವನ್ನು ಒಂದು ಗಳಿಗೆ ನೆನೆದು, ಈಸಿಕೊಂಡು ಕುಡಿದರು. ಕುಡಿದು, ದನಿ ಇಳಿಸಿ ಹೇಳಿದರು. ಗುಡ್ಡೆ ಇದ್ದರೆ ಇರಲಿ, ಆಮೇಲೆ ನೋಡೋಣ. ಗಡಿಯಾರ ನಿಲ್ಲಿಸುವ ಅಧಿಕಾರ ತಮಗೂ ಇಲ್ಲ, ಮಂಡಳಿಗೂ ಇಲ್ಲ, ಹಾಗೆ ಇರಬಾರದೆಂದೇ ಕಾಯ್ದೆ ಮಾಡಿದ್ದು. ಈಗ ಹೆಬ್ಬೆಟ್ಟು ಒಂದು ಒತ್ತಿಬಿಡಲಿ. ಓಣಿಯವರನ್ನು ಒಂಬತ್ತು ದಿನ ಶಾಲೆಯಲ್ಲಿ ಇರಿಸೋಣ, ಊಟ ಕೊಡಿಸೋಣ.

ಒಂಬತ್ತು ದಿನ ಆದ ಮೇಲೆ ಎಲ್ಲಿಗೆ ಎಂದು ಯಂಕವ್ವ ಕೇಳಿದಳು.

ಅಧಿಕಾರಿ ತಂಬಿಗೆ ತಿರುಗಿ ಕೊಟ್ಟರು. ಜುಲೇಖಾಳ ಕಡೆ ತಿರುಗಿ, ಹೆಬ್ಬೆಟ್ಟಿನ ಹಲಗೆ ತರಲು ಹೇಳಿದರು. ಆಕೆ ಅಂಗೈಯಗಲದ ಆ ಕಪ್ಪು ಹಲಗೆಯನ್ನು ತಂದು ಯಂಕವ್ವನ ಮುಂದೆ ಹಿಡಿದಳು. ಸಾಕ್ಷಿಗುಡ್ಡೆ ಕಡಿದಾಯಿತೇ ಎಂಬ ಪ್ರಶ್ನೆ ಅದರ ಮೇಲೆ ಬೆಳಗುತ್ತಿತ್ತು. ಆಕೆ ಕಣ್ಣು ತಗ್ಗಿಸಿರಲಿಲ್ಲ, ಆಯಿಯ ಮುಖವನ್ನೇ ನೋಡುತ್ತಿದ್ದಳು.

ಯಂಕವ್ವ ತನ್ನ ಬಲಗೈ ನೋಡಿಕೊಂಡಳು. ಹಾರಿ ಹಿಡಿದು ಹಿಡಿದು ಹೆಬ್ಬೆಟ್ಟಿನ ಗೆರೆಗಳು ಸವೆದಿದ್ದವು. ಓದಲು ಬಾರದ ಅವ್ವ, ಓದಲು ಬಾರದ ಅಜ್ಜಿ ಎಷ್ಟೋ ಕಾಗದಗಳ ಮೇಲೆ ಈ ಬೆಟ್ಟನ್ನು ಒತ್ತಿದ್ದರು. ಎಲ್ಲಿ ಒತ್ತು ಎಂದರೆ ಅಲ್ಲಿ. ಅವಳು ಅದನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ನಾಲ್ಕೂ ಬೆರಳು ಮುಚ್ಚಿದಳು.

"ಇನ್ನ ಏಳು ಫೂಟ ಕಡಿದ ಮ್ಯಾಲ ಕರೀರಿ ಸಾಹೇಬ್ರ. ಗುಡ್ಡಿ ನಾನೇ ಕೆಡವತೀನಿ, ಸೀರಿ ಬ್ಯಾಡ," ಎಂದಳು. "ಇವತ್ತ ಒತ್ತಂಗಿಲ್ಲ."